ಕೂತವರು ಕಾಣುವುದಿಲ್ಲ

ಜೂನ್ ೨

ಅಣ್ಣನಿಗೆ,

ಫೋನು ಹಿಡಿದರೆ ನಾವಿಬ್ಬರೂ ಮೂರನೇ ನಿಮಿಷಕ್ಕೆ ಜಗಳಕ್ಕೆ ಬೀಳುತ್ತೇವೆ, ಆದ್ದರಿಂದ ಇನ್ನು ಮುಂದೆ ಪತ್ರ ಬರೆದುಕೊಳ್ಳಿ ಎಂದು ಅತ್ತಿಗೆ ಹೊರಡಿಸಿದ ಕಾನೂನಿಗೆ ತಲೆಬಾಗಿ ಇದನ್ನು ಬರೆಯುತ್ತಿದ್ದೇನೆ. ಕಾನೂನು ಒಳ್ಳೆಯದೇ. ಪತ್ರದಲ್ಲಿ ನೀನು ನಡುವೆ ಬಾಯಿ ಹಾಕುವುದಕ್ಕೆ ಬರುವುದಿಲ್ಲ.

ಸುದ್ದಿ ಏನೆಂದರೆ, ನಿನ್ನ ತಂಗಿ ನೀರಿನ ಮೇಲೆ ನಿಲ್ಲುವುದನ್ನು ಕಲಿಯುತ್ತಿದ್ದಾಳೆ. ನಗು. ನಕ್ಕು ಮುಗಿಸಿ ಮುಂದೆ ಓದು.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಕಂಡವರ ಬಾಯಿಗೆ ಹಲ್ಲಿನ ಸೆಟ್ಟು ಮಾಡುವುದು. ಎದುರಿಗೆ ಸಾಲಾಗಿ ಪ್ಲಾಸ್ಟರಿನ ದವಡೆಗಳು. ಎಲ್ಲವೂ ಬಾಯಿ ತೆರೆದೇ ಇರುತ್ತವೆ, ಒಂದೂ ಮಾತಾಡುವುದಿಲ್ಲ. ಐವತ್ತು ತುಂಬುವುದರೊಳಗೆ ಒಂದು ಸಲವಾದರೂ ಬೆನ್ನಿಗೆ ಗಾಳಿ ಬೀಳಲಿ ಅನ್ನಿಸಿ, ಪಕ್ಕದ ಬೀದಿಯ ಕಂಡಕ್ಟರಮ್ಮನ ಗುಂಪಿಗೆ ಸೇರಿಕೊಂಡೆ. ಇವರು ಬಸ್ಸಿನ ಕಂಡಕ್ಟರಾಗಿದ್ದವರು. ಈಗ ಸಮುದ್ರಕ್ಕೆ ಸೀಟಿ ಊದುತ್ತಾರೆ.

ಆಟ ಹೀಗಿದೆ. ನನ್ನ ಅಡುಗೆಮನೆಯಲ್ಲಿ ಮಲಗಿಸಿದರೆ ಬಾಗಿಲಾಚೆ ಮೂತಿ ಚಾಚುವಷ್ಟು ಉದ್ದದ ಒಂದು ಹಲಗೆ. ಅದರ ಮೇಲೆ ನಾನು, ಕೈಯಲ್ಲೊಂದು ಉದ್ದ ಹಿಡಿಯ ಹುಟ್ಟು. ಗಾಳಿ ಜೋರಾಗಿ ಹಿಂದಿನಿಂದ ಬೀಸುವ ದಿನ ನೋಡಿ ಇಳಿಯಬೇಕು. ಆ ಗಾಳಿ ಎಬ್ಬಿಸಿದ ಅಲೆಗಳೂ ನಮ್ಮ ದಾರಿಯಲ್ಲೇ ಹೋಗುತ್ತಿರುತ್ತವೆ. ಒಂದರ ಮುಂದಿನ ಇಳಿಜಾರಿನಲ್ಲಿ ಜಾರಿ, ಅದು ಸುಸ್ತಾಗುವುದರೊಳಗೆ ಇನ್ನೊಂದಕ್ಕೆ ದಾಟಿಕೊಂಡು, ಹೀಗೇ ದಡದ ಉದ್ದಕ್ಕೂ ದೀಪಸ್ತಂಭದಿಂದ, ದೋಣಿಗಳು ನಿಲ್ಲುವ ಹಳೇ ಧಕ್ಕೆಯವರೆಗೆ. ವಾಪಸ್ಸು ಬರುವುದು ಹೇಗೆ ಅಂತ ನೀನು ಕೇಳುತ್ತೀ. ಬರುವುದಿಲ್ಲ. ಅಂಥ ಗಾಳಿಗೆ ಎದುರಾಗಿ ಯಾರು ಬಂದಾರು? ಅದಕ್ಕೇ ಮೊದಲು ಒಂದು ಕಾರನ್ನು ಧಕ್ಕೆಯ ಹತ್ತಿರ ನಿಲ್ಲಿಸಿ, ಇನ್ನೊಂದು ಗಾಡಿಯಲ್ಲಿ ಎಲ್ಲರೂ ದೀಪಸ್ತಂಭಕ್ಕೆ ಬಂದು ನೀರಿಗಿಳಿಯುವುದು.

ಈಗ ನಿನ್ನ ಕೆಲಸ. ಧಕ್ಕೆಯ ಈಚೆಗೆ ಎರಡು ಕರೀ ಬಂಡೆಗಳಿವೆ. ದಡಕ್ಕೆ ತಿರುಗುವುದಿದ್ದರೆ ಅವೆರಡರ ನಡುವಿನ ಸಂದಿಯಲ್ಲೇ ತಿರುಗಬೇಕು. ನೀರಿನಿಂದ ನೋಡಿದರೆ ಸಂದಿ ಕಾಣುವುದಿಲ್ಲ, ಎಲ್ಲವೂ ನೊರೆ. ಆದ್ದರಿಂದ ಗುಂಪಿನ ನಿಯಮ: ಮೊದಲ ಸಲ ಉದ್ದ ಓಟಕ್ಕೆ ಇಳಿಯುವವರ ಸ್ವಂತದವರೊಬ್ಬರು ಸಂದಿಗೆ ನೇರವಾಗಿ, ಮರಳಿನ ಮೇಲೆ, ಹಳದಿ ಟವೆಲು ಹಿಡಿದು ನಿಂತಿರಬೇಕು. ನಿಂತಿರಬೇಕು. ಕೂತವರು ಕಾಣುವುದಿಲ್ಲ.

ಒಡಹುಟ್ಟಿದವನು ಅಂತ ನನಗಿರುವುದು ನೀನೊಬ್ಬ. ಆಗಸ್ಟ್ ಕೊನೆಗೆ ಗಾಳಿಯ ಕಾಲ ಮುಗಿಯುತ್ತದೆ. ಅಷ್ಟರೊಳಗೆ ಬಾ.

ನಿನ್ನ,
ಬುಗುರಿ


ಜೂನ್ ೧೧

ಚಿ. ಬುಗುರಿಗೆ,

ನಿನ್ನ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಿ, ವಿಷಾದಪೂರ್ವಕವಾಗಿ ತಿರಸ್ಕರಿಸಲಾಗಿದೆ.

ಕಾರಣಗಳು ಅನೇಕ. ನಾನು ಲಿಫ್ಟು ರಿಪೇರಿಯವನು. ಮೇಲಕ್ಕೆ ಹೋಗುವುದು, ಕೆಳಕ್ಕೆ ಬರುವುದು, ಇವೆರಡೇ ದಿಕ್ಕುಗಳಲ್ಲಿ ನನಗೆ ನಂಬಿಕೆ. ಅಡ್ಡಡ್ಡ ಹೋಗುವುದೆಲ್ಲ ಶೋಕಿ. ಅದೂ ವಾಪಸ್ಸು ಬಾರದ ಪ್ರಯಾಣ! ಮೇಲೆ ಹೋದದ್ದು ಕೆಳಗೆ ಬರದಿದ್ದರೆ ನಮ್ಮ ಕಸುಬಿನಲ್ಲಿ ಜನ ಬಟನ್ ಒತ್ತೀ ಒತ್ತೀ ನಮ್ಮ ವಂಶವನ್ನೇ ನೆನೆಯುತ್ತಾರೆ.

ಎರಡನೆಯದಾಗಿ, ನನಗೆ ಬಡ್ತಿ ಸಿಕ್ಕಿದೆ. ಈಗ ಲಿಫ್ಟಿನ ಗುಂಡಿಗೆ ಇಳಿಯುವ ಹಾಗಿಲ್ಲ. ಕುರ್ಚಿಯಲ್ಲಿ ಕೂತು ಹುಡುಗರಿಗೆ ಫೋನಿನಲ್ಲಿ ಬುದ್ಧಿ ಹೇಳುವುದು. ಕುರ್ಚಿ ಎಷ್ಟು ಚೆನ್ನಾಗಿದೆ ಎಂದರೆ ಏಳಲು ಮನಸ್ಸೇ ಬರುವುದಿಲ್ಲ. ಜವಾಬ್ದಾರಿಯ ಸ್ಥಾನ, ಬಿಟ್ಟು ಬಂದು ಟವೆಲು ಹಿಡಿಯಲಾಗದು.

ನಿನಗೆ ಈಜು ಬರುತ್ತದೆಯೇ? ಬಾವಿಯಲ್ಲಿ ಕಲಿಸಿದವನು ನಾನೇ, ಆದರೂ ಕೇಳುತ್ತಿದ್ದೇನೆ.

ಇಂತು,
ಅಣ್ಣ


ಜೂನ್ ೧೧

ನಾದಿನಿಗೆ,

ಲಕೋಟೆಗೆ ಅಂಟು ಹಚ್ಚು ಅಂತ ನಿಮ್ಮಣ್ಣ ನನ್ನ ಕೈಗೆ ಕೊಟ್ಟರು. ಅದಕ್ಕೇ ಈ ಚೀಟಿ ಒಳಗೆ ತೂರಿಸುತ್ತಿದ್ದೇನೆ.

ಬಡ್ತಿಯೂ ಇಲ್ಲ, ಗಿಡ್ತಿಯೂ ಇಲ್ಲ. ಏಪ್ರಿಲ್ಲಿನಲ್ಲಿ ಲಿಫ್ಟಿನ ಮೇಲೆ ನಿಂತು ಕೆಲಸ ಮಾಡುತ್ತಿದ್ದವರು ತಲೆ ಸುತ್ತಿ ಕುಸಿದು ಕೂತರು. ಹುಡುಗರು ಹೊತ್ತು ತಂದರು. ಒಳಕಿವಿಗೆ ಸೋಂಕು ತಗಲಿ ತೂಕ ತಪ್ಪಿದೆಯಂತೆ. ಸೋಂಕೇನೋ ಹೋಯಿತು. "ಇನ್ನು ಔಷಧಿ ಕೆಲಸ ಕಮ್ಮಿ, ನಡೆಯಿರಿ, ತಲೆ ತಿರುಗಿಸಿ, ಮೆತ್ತನೆ ಜಾಗದಲ್ಲಿ ನಿಂತು ಅಭ್ಯಾಸ ಮಾಡಿ, ಮಿದುಳು ತಾನೇ ಕಲಿಯುತ್ತೆ" ಅಂದರು ಡಾಕ್ಟರು. ಇವರು ಕುರ್ಚಿ ಬಿಟ್ಟರೆ ಗೋಡೆ, ಗೋಡೆ ಬಿಟ್ಟರೆ ಕುರ್ಚಿ. ಬೀದಿಗೆ ಕಾಲಿಟ್ಟು ಎರಡು ತಿಂಗಳಾಯಿತು. ನಾನು ಹೇಳಿದರೆ, "ನಿಂಗೇನು ಗೊತ್ತು ಬ್ಯಾಲೆನ್ಸು" ಅಂತಾರೆ.

ನಿನಗೆ ಗೊತ್ತಾಗಿದೆ ಅಂತ ತೋರಿಸಿಕೊಳ್ಳಬೇಡ. ಕರುಣೆ ತೋರಿಸಿದರೆ ಅವರಿಗೆ ತಲೆ ಇನ್ನೂ ಸುತ್ತುತ್ತೆ.

ಅತ್ತಿಗೆ


ಜೂನ್ ೧೯

ಅಣ್ಣನಿಗೆ,

ಬಡ್ತಿಗೆ ಅಭಿನಂದನೆಗಳು. ಸಾಹೇಬರಾದಿರಿ. ಬರುವುದಿಲ್ಲವೆಂದ ಮೇಲೆ ಬಲವಂತವಿಲ್ಲ. ಆದರೆ ನಿನ್ನ ಕುರ್ಚಿಗೆ ಶೋಭೆ ತರುವಂಥ ಒಂದು ತಾಂತ್ರಿಕ ಸಮಸ್ಯೆಯಿದೆ, ಅದನ್ನಾದರೂ ಬಗೆಹರಿಸು.

ನಾನು ನಿಲ್ಲುತ್ತೇನೆ, ಬೀಳುತ್ತೇನೆ. ಏಳುತ್ತೇನೆ, ಈ ಸಲ ಇನ್ನೊಂದು ಕಡೆಗೆ ಬೀಳುತ್ತೇನೆ. ಬಿದ್ದೊಡನೆ ಹಲಗೆ ಗಾಳಿಗೆ ಓಡಿಹೋಗದಂತೆ ಕಾಲಿಗೆ ಹಗ್ಗ ಕಟ್ಟಿಕೊಂಡಿರುತ್ತೇವೆ, ಅದು ನನ್ನನ್ನು ನಾಯಿಮರಿಯ ಹಾಗೆ ಎಳೆದುಕೊಂಡು ಹೋಗುತ್ತದೆ. ಕಂಡಕ್ಟರಮ್ಮ ದೂರದಿಂದ, "ಕಾಲು ನೋಡ್ಬೇಡ! ಕಾಲು ಎಲ್ಲಿಗೂ ಹೋಗಲ್ಲ, ಅಲ್ಲೇ ಇರುತ್ತೆ! ದೂರ ನೋಡು!" ಅಂತ ಕೂಗುತ್ತಾರೆ. ದೂರದಲ್ಲಿ ಒಂದು ಅಲುಗಾಡದ ವಸ್ತುವಿಗೆ ಕಣ್ಣು ನೆಡಬೇಕಂತೆ. ಮಂಡಿ ಸಡಿಲ. ಉಸಿರು ಹಿಡಿಯಬಾರದು.

ಇದು ನಿಜವೋ ಸುಳ್ಳೋ ನನಗೆ ಹೇಗೆ ಗೊತ್ತಾಗಬೇಕು? ತೂಕ, ಸಮತೋಲ ಬಲ್ಲವನು ನಮ್ಮ ಮನೆತನದಲ್ಲಿ ನೀನೊಬ್ಬನೇ. ದಯವಿಟ್ಟು ನನಗಾಗಿ ಒಂದು ಪ್ರಯೋಗ ಮಾಡಿ ವರದಿ ಕಳಿಸು. ದಪ್ಪನೆಯ ದಿಂಬೊಂದನ್ನು ನೆಲಕ್ಕೆ ಹಾಕಿ ಅದರ ಮೇಲೆ ನಿಲ್ಲು. ದಿಂಬೆಂದರೆ ಸಮುದ್ರ ಅಂದುಕೋ. ಬಾಗಿಲ ಚೌಕಟ್ಟಿಗೆ ಕಣ್ಣು ನೆಟ್ಟು ತಲೆಯನ್ನು ಎಡಕ್ಕೂ ಬಲಕ್ಕೂ ನಿಧಾನ ತಿರುಗಿಸು. ಕೆಳಗೆ ನೋಡಿದಾಗ ಹೆಚ್ಚು ಓಲಾಡುತ್ತದೋ, ಚೌಕಟ್ಟು ನೋಡಿದಾಗಲೋ? ಒಂದು ದಿನ ನೋಡಿದರೆ ಸಾಲದು. ದಿನಾ ಮಾಡಿದರೆ ತಾನೇ ವಿಜ್ಞಾನ?

ನಿನಗೆ ಬಿಡುವಿಲ್ಲದಿದ್ದರೆ ಅತ್ತಿಗೆಯ ಕೈಲಿ ಮಾಡಿಸು. ಅವಳ ವರದಿಯನ್ನೇ ನಂಬುತ್ತೇನೆ.

ಬುಗುರಿ


ಜುಲೈ ೩

ಬುಗುರಿಗೆ,

ಅವಳ ಕೈಲಿ ಮಾಡಿಸುವುದೇ? ತೂಕದ ವಿಷಯದಲ್ಲಿ ಕುಕ್ಕರಿನ ಸೀಟಿಯನ್ನು ಮಾತ್ರ ಬಲ್ಲವಳು! ಖುದ್ದು ನಾನೇ ಪ್ರಯೋಗ ನಡೆಸಿದ್ದೇನೆ.

ವರದಿ. ಹಜಾರದಲ್ಲಿ ಗೋಡೆಗೆ ಸಮೀಪವಾಗಿ (ಸುರಕ್ಷತಾ ನಿಯಮ, ಬೇರೇನೂ ಅಲ್ಲ) ದಿಂಬು ಹಾಕಲಾಯಿತು. ಮೊದಲ ದಿನ ಕೆಳಗೆ ನೋಡಿದಾಗ ಹಜಾರವೇ ಬಲಕ್ಕೆ ವಾಲಿತು. ಚೌಕಟ್ಟು ನೋಡಿದಾಗ ಕೊಂಚ ಕಡಿಮೆ ವಾಲಿತು. ತಲೆ ತಿರುಗಿಸಿದಾಗ ಚಪ್ಪಲಿ ಸ್ಟ್ಯಾಂಡು ಬಂದು ನನಗೆ ಡಿಕ್ಕಿ ಹೊಡೆಯಿತು. ನಿನ್ನ ಅತ್ತಿಗೆ ಅಡುಗೆಮನೆಯಿಂದ, "ಏನ್ರೀ ಅದು ಸದ್ದು?" ಅಂದಳು. "ಸಂಶೋಧನೆ" ಅಂದೆ. "ಸಂಶೋಧನೆಗೆ ಮುಲಾಮು ಹಚ್ಚಬೇಕಾ?" ಅಂದಳು. ಸಂಶೋಧಕರಿಗೆ ಮನೆಯಲ್ಲಿ ಇರುವ ಮರ್ಯಾದೆ ಇಷ್ಟೇ.

ಆದರೂ ಬಿಡಲಿಲ್ಲ. ದಿನಾ ಮಾಡಿದೆ. ನಿನ್ನ ಕಂಡಕ್ಟರಮ್ಮ ಹೇಳುವುದು ನಿಜ. ನಿನ್ನೆಗೆ ಗೋಡೆ ಮುಟ್ಟದೆ ತಲೆ ಎರಡೂ ಕಡೆ ತಿರುಗಿತು. ನಿನ್ನ ಹಿತದೃಷ್ಟಿಯಿಂದ ಮಾತ್ರ ಇದನ್ನು ದಾಖಲಿಸುತ್ತಿದ್ದೇನೆ.

ನಮ್ಮ ಕಸುಬಿನ ಒಂದು ಮಾತನ್ನೂ ಕೇಳು. ಲಿಫ್ಟನ್ನು ಬರೀ ಮೋಟರು ಎತ್ತುತ್ತದೆ ಅಂತ ಜನ ತಿಳಿದಿದ್ದಾರೆ. ಆ ಕಡೆ ಒಂದು ಎದುರು ತೂಕ ನೇತಾಡುತ್ತಿರುತ್ತದೆ. ಅದು ಇಳಿದರೆ ಇದು ಸಲೀಸಾಗಿ ಏರುತ್ತದೆ. ಮೋಟರು ಕೊಂಚ ಆಸರೆ ಕೊಟ್ಟರೆ ಸಾಕು. ನೀನು ಹುಟ್ಟು ಹಾಕುವುದರಲ್ಲೇ ಎಲ್ಲ ಮಾಡಲು ಹೋಗುತ್ತಿದ್ದೀ ಅನ್ನಿಸುತ್ತದೆ. ಕೆಲಸ ಅಲೆಯದು. ನೀನು ಹೊತ್ತು ನೋಡಿ ಆಸರೆ ಕೊಡು.

ಬರುವ ವಿಷಯ ಎತ್ತಬೇಡ. ಕುರ್ಚಿ ಬಿಟ್ಟುಬರಲಾಗದು.

ಅಣ್ಣ


ಜುಲೈ ೧೨

ಅಣ್ಣಾ,

ಜಾರಿದೆ! ನಿನ್ನ ಎದುರು ತೂಕಕ್ಕೆ ನನ್ನ ಹಲ್ಲಿನ ಸೆಟ್ಟುಗಳೆಲ್ಲದರ ಪರವಾಗಿ ನಗೆ.

ಇಷ್ಟು ದಿನ ನಾನು ಮಾಡುತ್ತಿದ್ದದ್ದು ಏನು ಗೊತ್ತೇ? ಮುಂದೆ ಹೋಗುವ ಅಲೆಯನ್ನು ಅಟ್ಟಿಸಿಕೊಂಡು ಹೋಗಿ ಅದರ ಬೆನ್ನು ಹತ್ತುವುದು. ಅದು ಹತ್ತಿಸಿಕೊಳ್ಳುವುದಿಲ್ಲ. ಅಲ್ಲೇ ನಿಂತು ಉಸಿರು ಕಳೆದುಕೊಳ್ಳುವುದು. ಭಾನುವಾರ ಕಂಡಕ್ಟರಮ್ಮ ಪಕ್ಕದಲ್ಲೇ ಬಂದು, "ಯಾಕಮ್ಮಾ ಜನರ ಬೆನ್ನ ಮೇಲೆ ಹತ್ತುತೀಯ? ಮುಂದೆ ಜಾಗ ಖಾಲಿ ಇದೆ, ಅಲ್ಲಿ ನೋಡು! ಮುಂದೆ ಹೋಗಿ, ಮುಂದೆ ಹೋಗಿ!" ಅಂದರು. ನೋಡಿದರೆ ನಿಜಕ್ಕೂ ಅಲೆಯ ಪಕ್ಕದಲ್ಲಿ ಒಂದು ತಗ್ಗು, ಖಾಲಿ ಸೀಟಿನ ಹಾಗೆ. ಹಲಗೆಯ ಹಿಂಭಾಗ ಮೆಲ್ಲಗೆ ಎದ್ದಿತು. ನೀನು ಹೇಳಿದ ಹಾಗೆ ಆಗಲೇ, ಆಗ ಮಾತ್ರ, ಗಟ್ಟಿಯಾಗಿ ಕೆಲವು ಸಲ ಹುಟ್ಟು ಹಾಕಿ ನಿಲ್ಲಿಸಿಬಿಟ್ಟೆ. ಅಣ್ಣಾ, ಸದ್ದೇ ನಿಂತುಹೋಯಿತು. ಗಾಳಿ ನನ್ನ ಜೊತೆಯಲ್ಲೇ ಓಡುತ್ತಿತ್ತಲ್ಲ, ಕಿವಿಯಲ್ಲಿ ಗಾಳಿಯಿಲ್ಲ. ಹಲಗೆಯ ಕೆಳಗೆ ನೀರು ಸರಸರ. ಕಂಡಕ್ಟರಮ್ಮ ಹಿಂದಿನಿಂದ ಸೀಟಿ ಊದಿ "ರೈಟ್, ರೈಟ್!" ಅಂದರು. ನಾನು ಸಂತೋಷಕ್ಕೆ ತಿರುಗಿ ನೋಡಿ ದಬಕ್ಕನೆ ಬಿದ್ದೆ.

ಉದ್ದ ಓಟ ಆಗಸ್ಟ್ ಮೂವತ್ತಕ್ಕೆ, ಗಾಳಿ ಮಾತು ಉಳಿಸಿಕೊಂಡರೆ. ಇನ್ನೊಂದು ಪ್ರಯೋಗ: ದಿಂಬಿನಿಂದ ಇಳಿದು ಹಜಾರದ ಆ ತುದಿಯಿಂದ ಈ ತುದಿಗೆ ತಲೆ ತಿರುಗಿಸುತ್ತಾ ನಡೆ. ಆಮೇಲೆ ಬೀದಿಯ ತಿರುವಿನವರೆಗೆ. ಅತ್ತಿಗೆಯನ್ನು ಕರೆದುಕೊಂಡು ಹೋಗು, ಮಾತ್ರೆ ಹೊತ್ತಿಗೆ ಸರಿಯಾಗಿ ತಗೋ, ಮೆಟ್ಟಿಲಿಳಿಯುವಾಗ ಜೋಕೆ.

ಬುಗುರಿ


ಜುಲೈ ೨೮

ಅಣ್ಣನಿಗೆ,

ಉತ್ತರವಿಲ್ಲ. ಅಂಚೆಯವರ ತಪ್ಪೋ ನನ್ನದೋ? ಹೋದ ಪತ್ರದ ಕೊನೆಯಲ್ಲಿ ಏನೋ ಬರೆದುಬಿಟ್ಟೆ ಅಂತ ಡಬ್ಬಿಗೆ ಹಾಕಿದ ಮೇಲೆ ಹೊಳೆಯಿತು. ಡಬ್ಬಿಯ ಬಾಯಿಗೆ ಕೈ ಹಾಕಿ ನೋಡಿದೆ, ಮೊಣಕೈಯವರೆಗೂ ಹೋಗುವುದಿಲ್ಲ. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

ಒಂದು ಗೆರೆ ಬರಿ. ಬೈದಾದರೂ ಬರಿ.

ಬುಗುರಿ


ಆಗಸ್ಟ್ ೯

ತಂಗಿಗೆ,

ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೇನೆ. ಮೆಟ್ಟಿಲ ಮೇಲೆ ಜೋಕೆಯಾಗಿದ್ದೇನೆ. ಎಲ್ಲರೂ ಸೇರಿ ದಿಂಬಿನ ಮೇಲೆ ನಿಲ್ಲಿಸಿದ ಮೊದಲ ಸಾಹೇಬ ನಾನೇ ಇರಬೇಕು. ನಿನ್ನ ಅತ್ತಿಗೆಯನ್ನು ವಿಚಾರಣೆಗೆ ಒಳಪಡಿಸಿದೆ. "ಹೌದ್ರೀ, ಬರೆದೆ. ಏನೀಗ?" ಅಂದಳು. ಏನೀಗ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಇಷ್ಟು ದಿನ ಹಿಡಿಯಿತು.

ಸಿಟ್ಟು ಬಂದಿತ್ತು. ಈಗ ಇಲ್ಲ. ಆದರೆ ಒಂದು ಮಾತು ಹೇಳಿಬಿಡುತ್ತೇನೆ, ಫೋನಿನಲ್ಲಾದರೆ ಹೇಳುತ್ತಿರಲಿಲ್ಲ. ಮೂವತ್ತು ವರ್ಷ ಲಿಫ್ಟಿನ ನೆತ್ತಿಯ ಮೇಲೆ, ಕತ್ತಲಲ್ಲಿ, ಒಂದು ಕೈಯಲ್ಲಿ ಟಾರ್ಚು ಹಿಡಿದು ನಿಂತವನು ನಾನು. ಕಾಲ ಕೆಳಗೆ ಏನಿದೆ ಅಂತ ಯೋಚಿಸಿದವನೇ ಅಲ್ಲ. ಈಗ ಬಚ್ಚಲಿಗೆ ಹೋಗುವಾಗ ನೆಲವನ್ನು ನಂಬಲೋ ಬೇಡವೋ ಅಂತ ಕೇಳಿಕೊಳ್ಳುತ್ತೇನೆ. ಚಿಕ್ಕವಳಾಗಿದ್ದಾಗ ನಿಂತಲ್ಲಿ ನಿಲ್ಲದ ನಿನಗೆ ಬುಗುರಿ ಅಂತ ಹೆಸರಿಟ್ಟವನು ನಾನೇ. ಈಗ ನೋಡು, ಯಾರು ಬುಗುರಿ.

ಬೀದಿಯ ತಿರುವಿನವರೆಗೆ ಹೋಗಿದ್ದೆ. ಕಾಂಪೌಂಡು ಹಿಡಿದುಕೊಂಡು. ಎಲ್ಲ ಮನೆಗಳ ಕಾಂಪೌಂಡಿಗೂ ನನ್ನ ಬೆರಳು ಈಗ ಪರಿಚಿತ.

ಆದ್ದರಿಂದ ಬರುವುದಿಲ್ಲ, ಈ ಸಲ ಕಾರಣ ನಿಜವಾದದ್ದು. ಮರಳಿನ ಮೇಲೆ ಹಿಡಿಯಲು ಗೋಡೆ ಇರುವುದಿಲ್ಲ. ನಾನು ಕುಸಿದರೆ ಟವೆಲು ಕಾಣುವುದಿಲ್ಲ. ಟವೆಲು ಕಾಣದಿದ್ದರೆ ನೀನು ಬಂಡೆಗೆ ಹೋಗುತ್ತೀ. ಬೇರೆ ಯಾರನ್ನಾದರೂ ನಿಲ್ಲಿಸಿಕೋ. ಗಟ್ಟಿ ಕಾಲಿನವರನ್ನು.

ಅಣ್ಣ


ಆಗಸ್ಟ್ ೧೬

ಅಣ್ಣಾ,

ಆಗಲಿ. ಕಂಡಕ್ಟರಮ್ಮನ ಯಜಮಾನರು ನಿಲ್ಲುತ್ತಾರೆ. ಗಿಡ್ಡ, ಗುಂಡಗೆ, ಕಾಲು ಗಟ್ಟಿ. ನಿದ್ದೆಯೂ ಗಟ್ಟಿ, ಅದೊಂದೇ ಭಯ.

ನಿನ್ನ ಪತ್ರವನ್ನು ಕಂಡಕ್ಟರಮ್ಮನಿಗೆ ಓದಿ ಹೇಳಿದೆ, ಕ್ಷಮಿಸು. ಅವರು ಕೇಳಿದ್ದು ಒಂದೇ. "ಕುಸಿದ್ರೆ ಟವೆಲು ಕಾಣಲ್ಲ ಸರಿ. ಎದ್ರೆ ಮತ್ತೆ ಕಾಣುತ್ತಲ್ಲಾ?"

ನಾನೂ ಅದನ್ನೇ ಹೇಳುತ್ತಿದ್ದೇನೆ. ಬೀಳದೆ ದಡ ಸೇರಿದವರನ್ನು ನಾನಿನ್ನೂ ನೋಡಿಲ್ಲ. ನಮ್ಮ ಗುಂಪಿನಲ್ಲಿ ಬೀಳುವುದನ್ನು ಯಾರೂ ಗಮನಿಸುವುದೇ ಇಲ್ಲ, ಹಲಗೆ ಮತ್ತೆ ಹತ್ತಿದರೋ ಇಲ್ಲವೋ ಅಂತ ಮಾತ್ರ ನೋಡುತ್ತಾರೆ.

ಬಾ ಅಂತ ಕರೆಯುತ್ತಿಲ್ಲ. ರೈಲು ಬೆಳಿಗ್ಗೆ ಬರುತ್ತದೆ, ನಿಲ್ದಾಣದಿಂದ ಧಕ್ಕೆಗೆ ಬಸ್ಸಿದೆ ಎಂಬ ಸಾಮಾನ್ಯ ಜ್ಞಾನವನ್ನು ಮಾತ್ರ ತಿಳಿಸುತ್ತಿದ್ದೇನೆ.

ಬುಗುರಿ


ಸೆಪ್ಟೆಂಬರ್ ೪

ಅಣ್ಣಾ,

ನೀವಿಬ್ಬರೂ ರೈಲು ಹತ್ತಿದ ಮೇಲೆ ಮೂರು ದಿನ ನನ್ನ ತೋಳುಗಳು ಬಾಚಣಿಗೆ ಎತ್ತಲಿಲ್ಲ. ಇವತ್ತು ಪೆನ್ನು ಹಿಡಿಯುತ್ತಿವೆ. ಆವತ್ತು ಕಾರಿನ ಕೀಲಿಯ ವಿಷಯದಲ್ಲಿ ಜಗಳವಾಡುವುದರಲ್ಲಿ ಹೇಳಬೇಕಾದದ್ದು ಹೇಳಲೇ ಆಗಲಿಲ್ಲ. ನೀರಿನ ಕಡೆಯಿಂದ ನನಗೆ ಕಂಡದ್ದು ನಿನಗೆ ಗೊತ್ತಿರಲಿ.

ಆವತ್ತು ಗಾಳಿ ಬೆನ್ನ ಮೇಲೆ ಅಂಗೈ ಇಟ್ಟು ನೂಕಿದ ಹಾಗೆ ಬೀಸುತ್ತಿತ್ತು. ಅರ್ಧ ದಾರಿಯವರೆಗೆ ಬಿದ್ದೆ, ಎದ್ದೆ. ಆಮೇಲೆ ಹೇಗೋ ಒಂದು ತಗ್ಗಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಬಸ್ಸು ನಿಲ್ಲದೆ ಸ್ಟಾಪು ದಾಟಿದ ಹಾಗೆ. ಬಾಯಿ ತೆರೆದೇ ಇತ್ತು, ನನ್ನ ಮೇಜಿನ ದವಡೆಗಳ ಹಾಗೆ.

ಧಕ್ಕೆ ಕಂಡಿತು. ಹಳದಿ ಚುಕ್ಕೆ ಕಂಡಿತು. ಗಿಡ್ಡಗೆ ಗುಂಡಗೆ ಇರಬೇಕಿತ್ತಲ್ಲ, ಇದು ಉದ್ದಕ್ಕೆ, ಸಣ್ಣಗೆ, ಎರಡು ಮಹಡಿಯ ನಡುವೆ ಸಿಕ್ಕಿಕೊಂಡ ಲಿಫ್ಟಿನ ಹಾಗೆ ನಿಂತಿತ್ತು. ನನಗೆ ಗೊತ್ತಾಗಿಹೋಯಿತು. ಗೊತ್ತಾದೊಡನೆ ಕಣ್ಣು ಮಂಜಾಯಿತು, ಉಪ್ಪುನೀರು ಅಂತ ಇಟ್ಟುಕೋ. ತಿರುಗಬೇಕು ಅನ್ನುವಷ್ಟರಲ್ಲಿ ಹಳದಿ ಮಾಯ. ಬರೀ ನೊರೆ. ಎಡಬಂಡೆಯ ಸದ್ದು ಕೇಳಿಸುತ್ತಿತ್ತು. ಮಂಡಿಯೂರಿ, ತಿರುಗದೆ, ಹುಟ್ಟು ನೀರಿಗೆ ಒತ್ತಿಹಿಡಿದು ಕಾದೆ.

ಹಳದಿ ಮತ್ತೆ ಎದ್ದಿತು. ಅದೇ ಜಾಗದಲ್ಲಿ. ನಾನೂ ಎದ್ದು ನಿಂತು ತಿರುಗಿದೆ.

ಅಷ್ಟೇ. ಇದನ್ನು ಎದುರಿಗೆ ಹೇಳಿದ್ದರೆ ನೀನು ಏನಾದರೂ ತಮಾಷೆ ಮಾಡುತ್ತಿದ್ದೆ.

ಬುಗುರಿ


ಸೆಪ್ಟೆಂಬರ್ ೧೩

ಬುಗುರಿಗೆ,

ಈಗ ದಡದ ಕಡೆಯ ವರದಿ.

ಬಸ್ಸಿಳಿದು, ನಿನ್ನ ಅತ್ತಿಗೆಯ ತೋಳು ಹಿಡಿದು ದಿಬ್ಬದ ರಸ್ತೆಯಲ್ಲಿ ಮರಳಿಗೆ ಬಂದು ನೋಡಿದರೆ ನಿನ್ನ ಗಟ್ಟಿಕಾಲಿನ ಯಜಮಾನರು ದಡದ ಮೇಲಿನ ಬಂಡೆಯೊಂದಕ್ಕೆ ಒರಗಿ, ಟವೆಲನ್ನು ಮುಖಕ್ಕೆ ಹೊದ್ದು ಗೊರಕೆ ಹೊಡೆಯುತ್ತಿದ್ದರು. ನಿನ್ನ ಅತ್ತಿಗೆ ಮೆಲ್ಲಗೆ ಟವೆಲು ಎಳೆದು ನನ್ನ ಕೈಗೆ ಕೊಟ್ಟಳು. "ನಾನು ಹಿಡ್ಕೊಳ್ಲಾ?" ಅಂದಳು. "ಟವೆಲ್ಲಾ, ನನ್ನಾ?" ಅಂದೆ. "ನೀವು ಹೇಳಿದ್ದನ್ನ" ಅಂದಳು. ಬೇಡವೆಂದು ಅವಳನ್ನು ದೂರ ಕಳಿಸಿದೆ.

ಮರಳು ಎಂಬುದು ನಿನ್ನ ದಿಂಬಿಗಿಂತ ಮೋಸಗಾರ. ಚೌಕಟ್ಟು ಇಲ್ಲವಲ್ಲ, ಸಮುದ್ರದ ಅಂಚಿಗೇ ಕಣ್ಣು ನೆಟ್ಟೆ. ಆ ಅಂಚಿನಲ್ಲಿ ನೀನು ಕಂಡೆ, ಕಡ್ಡಿಯಷ್ಟು. ನಮ್ಮ ಬುಗುರಿ ನಿಂತಿದ್ದಾಳಲ್ಲಾ ಅಂತ ಹೆಮ್ಮೆಯಾಗಿ, ಟವೆಲು ಸರಿಯಾಗಿ ಹಿಡಿದಿದ್ದೇನೆಯೇ ಅಂತ ಕೆಳಗೆ ನೋಡಿದೆ. ಕಾಲು ನೋಡಿದ್ದು ಅದೊಂದೇ ಸಲ. ಬಿದ್ದೆ. ಬಾಯಿಗೆ ಮರಳು. ನಿನ್ನ ಅತ್ತಿಗೆ ಓಡಿಬರುವ ಸದ್ದು ಕೇಳಿಸಿತು. ಅವಳು ಬಂದು ಎತ್ತಿದರೆ ಸರಿಯಾದ ಜಾಗ ತಪ್ಪುತ್ತದೆ ಅನ್ನಿಸಿ, ನಾನೇ ಎದ್ದುಬಿಟ್ಟೆ. ಹೇಗೆ ಎದ್ದೆ ಅಂತ ಕೇಳಬೇಡ, ಎದುರು ತೂಕ ಆ ಕಡೆಯಿಂದ ಬರುತ್ತಿತ್ತು.

ಇನ್ನು ಕೀಲಿಯ ವಿಷಯ. ಒಂದು ಕಾರನ್ನು ಕೊನೆಯಲ್ಲಿ ನಿಲ್ಲಿಸಬೇಕು ಅಂತ ನನಗೆ ಜೂನ್‌ನಲ್ಲೇ ಪಾಠ ಮಾಡಿದವಳು ನೀನು. ಆ ಕಾರಿನ ಕೀಲಿಯನ್ನು ದೀಪಸ್ತಂಭದ ಹತ್ತಿರ ನಿಂತ ಗಾಡಿಯೊಳಗಿನ ಪ್ಯಾಂಟಿನ ಜೇಬಿನಲ್ಲಿ ಬಿಟ್ಟು, ಗಾಳಿಯ ಜೊತೆ ಈ ಕೊನೆಗೆ ಬಂದು, "ಅಯ್ಯೋ" ಅಂದವಳೂ ನೀನು. ಬಸ್ ಸ್ಟಾಪಿನವರೆಗೆ, ಆ ದಿಬ್ಬದ ರಸ್ತೆಯುದ್ದಕ್ಕೂ, ಒದ್ದೆ ಬಟ್ಟೆಯಲ್ಲಿ ನಡೆಯುತ್ತಾ, ಇದಕ್ಕೆ ನಾನು ಕಾರಣ ಅಂತ ನೀನು ವಾದಿಸಿದೆ! ನಾನು ಬರುವುದಿಲ್ಲ ಅಂದಿದ್ದರಿಂದ ತಲೆ ಕೆಟ್ಟು ಮರೆತೆಯಂತೆ. ನಾನು ಕೈ ಬೀಸಿ ಬೀಸಿ ಉತ್ತರ ಕೊಟ್ಟೆ. ನೀನು ಎಡಕ್ಕೆ ಬಂದರೆ ಎಡಕ್ಕೆ ತಿರುಗಿ ಬೈದೆ, ಬಲಕ್ಕೆ ಬಂದರೆ ಬಲಕ್ಕೆ ತಿರುಗಿ ಬೈದೆ. ಇಷ್ಟು ಒಳ್ಳೆಯ ಜಗಳ ವರ್ಷಗಳಿಂದ ಆಗಿರಲಿಲ್ಲ.

ರಾತ್ರಿ ರೈಲಿನಲ್ಲಿ ನಿನ್ನ ಅತ್ತಿಗೆ ಬುತ್ತಿ ಬಿಚ್ಚಿ ನನಗೆ ಬಡಿಸಿದಳು. ಆಮೇಲೆ, "ಆ ರಸ್ತೇಲಿ ಒಂದು ಕಡೆನೂ ಗೋಡೆ ಇರಲಿಲ್ಲ ಕಣ್ರೀ" ಅಂದಳು.

ನನಗೆ ಆವರೆಗೆ ಹೊಳೆದೇ ಇರಲಿಲ್ಲ.

ಈಗ ಒಂದು ಅನುಮಾನ ಕೊರೆಯುತ್ತಿದೆ. ನಿಜ ಹೇಳು. ಕೀಲಿಯನ್ನು ಬೇಕಂತಲೇ ಬಿಟ್ಟು ಬಂದೆಯಾ?

ಅಣ್ಣ


ಸೆಪ್ಟೆಂಬರ್ ೨೦

ಅಣ್ಣಾ,

ಬೇಕಂತಲೇ ಬಿಡುವಷ್ಟು ಬುದ್ಧಿ ನನಗಿರಬಹುದು ಅಂತ ನೀನು ಲಿಖಿತವಾಗಿ ಒಪ್ಪಿಕೊಂಡದ್ದು ಇದೇ ಮೊದಲು. ಪತ್ರಕ್ಕೆ ಕಟ್ಟು ಹಾಕಿಸಿ ದವಡೆಗಳ ಮೇಲುಗಡೆ ತೂಗುಹಾಕಿದ್ದೇನೆ. ಉತ್ತರ ಕೊಟ್ಟು ಅದರ ಬೆಲೆ ಕಳೆಯಲಾರೆ.

ಅತ್ತಿಗೆಗೆ ಹೇಳು, ಕಾನೂನನ್ನು ಸ್ವಲ್ಪ ಸಡಿಲಿಸಲಿ. ಭಾನುವಾರ ಸಂಜೆ ಫೋನು ಮಾಡು. ನಿಂತುಕೊಂಡು ಮಾಡು.

ಬುಗುರಿ